ಎಂಟು ಚೀಲ ಧೂಳು, ಒಂದು ಕೊಳವೆ ರಕ್ತ

ನನ್ನ ಮಾವನಿಗೆ, ಅಂದರೆ ನನ್ನ ಗಂಡನ ತಂದೆಗೆ, ಯಾವುದರ ಮೇಲೂ ನಂಬಿಕೆಯಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅವರಿಗೆ ನಂಬಿಕೆ ಬೇಕಾದಷ್ಟಿದೆ. ಸ್ಯಾಂಪಲ್ ತೆಗೆಯದೆ ನಂಬುವುದಿಲ್ಲ, ಅಷ್ಟೆ!

ಕೃಷಿ ಇಲಾಖೆಯಲ್ಲಿ ಮೂವತ್ತೊಂದು ವರ್ಷ ದುಡಿದವರು ಅವರು. ಕಾರಡ್ಕದ ಆಚೀಚೆಯ ತೋಟಗಳಲ್ಲಿ ಮಣ್ಣಿನ ಮಾದರಿ ತೆಗೆಸುವುದು, ಪರೀಕ್ಷೆಗೆ ಕಳುಹಿಸುವುದು, ವರದಿ ಬಂದ ಮೇಲೆ ಯಾವ ಗೊಬ್ಬರ ಎಷ್ಟು ಹಾಕಬೇಕೆಂದು ಹೇಳುವುದು ಅವರ ಕೆಲಸವಾಗಿತ್ತು. ಒಂದು ದಿನ ಇಲಾಖೆ ಹಾರ ಹಾಕಿ ಅವರನ್ನು ಮನೆಗೆ ಕಳುಹಿಸಿತು. ಮಾದರಿ ತೆಗೆಯುವ ಅಭ್ಯಾಸ ಮಾತ್ರ ನಿವೃತ್ತಿ ಪಡೆಯಲಿಲ್ಲ. ಅಂಗಡಿಯಲ್ಲಿ ಅಕ್ಕಿ ಕೊಳ್ಳುವಾಗ ಚೀಲದ ಮೇಲಿನಿಂದ ಒಂದು ಹಿಡಿ, ನಡುವಿನಿಂದ ಒಂದು ಹಿಡಿ, ಕೈಯನ್ನು ಹೆಗಲವರೆಗೆ ತೂರಿಸಿ ತಳದಿಂದ ಒಂದು ಹಿಡಿ. ಮಧೂರು ದೇವಸ್ಥಾನದಿಂದ ಅಪ್ಪಪ್ರಸಾದ ತಂದರೆ ಪೊಟ್ಟಣದ ಮೇಲಿನದ್ದೊಂದು, ನಡುವಿನದ್ದೊಂದು, ತಳದ್ದೊಂದು ತಿಂದು ನೋಡಿಯೇ ಉಳಿದವರಿಗೆ ಕೊಡುವುದು. "ಸರಾಸರಿ ಒಳ್ಳೆದುಂಟು" ಎಂದು ದೇವರಿಗೂ ಒಂದು ಸರ್ಟಿಫಿಕೇಟು.

ನನ್ನನ್ನು ನೋಡಲು ಬಂದ ದಿನ ನಮ್ಮ ತವರಿನ ಬಾವಿಯ ನೀರನ್ನು ಒಂದು ಬಾಟಲಿಯಲ್ಲಿ ತುಂಬಿಸಿಕೊಂಡು ಹೋದರು. ಹುಡುಗಿಯ ಜತೆಗೆ ನೀರಿನ ಗುಣವನ್ನೂ ನೋಡುತ್ತಿದ್ದಾರೆಂದು ನಾನು ಹತ್ತು ವರ್ಷ ಎಲ್ಲರಿಗೂ ಹೇಳಿ ನಗಿಸಿದ್ದೇನೆ. ಮೊನ್ನೆ ನನ್ನ ಅಮ್ಮ ಹೇಳಿದಳು, ಬಸ್ಸಿನಲ್ಲಿ ಕುಡಿಯಲು ಬೇಕೆಂದು ತಾನೇ ತುಂಬಿಸಿ ಕೊಟ್ಟದ್ದಂತೆ. ಯಾವುದು ನಿಜ? ನಾನು ದಿನಚರಿ ಬರೆಯುವವಳು, ಆದರೆ ಆ ದಿನದ ಪುಟದಲ್ಲಿ ನನ್ನ ಸೀರೆಯ ಬಣ್ಣ ಮಾತ್ರ ಇದೆ. ಆದ್ದರಿಂದ ಇಲ್ಲಿ ಬರೆಯುವುದನ್ನೂ ಸ್ವಲ್ಪ ಕೈ ತೂರಿಸಿ ತಳದಿಂದ ತೆಗೆದು ನೋಡಿಕೊಳ್ಳುವುದು ಒಳ್ಳೆಯದು.

ವಿಷಯ ನನ್ನ ಮಗಳದ್ದು. ಅವಳಿಗೆ ಏಳು ವರ್ಷ. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಸೀನು ಶುರುವಾಗುತ್ತಿತ್ತು. ಅಂಗೈಯಿಂದ ಮೂಗನ್ನು ಮೇಲಕ್ಕೆ ತಿಕ್ಕಿ ತಿಕ್ಕಿ ಮೂಗಿನ ಮೇಲೆ ಅಡ್ಡಕ್ಕೊಂದು ಗೆರೆಯೇ ಬಿದ್ದಿತ್ತು. ಕಳೆದ ಮಳೆಗಾಲದಲ್ಲಿ ಎರಡು ಸಲ ಎದೆಯಲ್ಲಿ ಸುಯ್ ಸುಯ್ ಎಂದು ಶಬ್ದ ಬಂದು, ಆಸ್ಪತ್ರೆಯಲ್ಲಿ ಮುಖಕ್ಕೆ ಮಾಸ್ಕ್ ಇಟ್ಟು ಹೊಗೆಯಂಥ ಔಷಧಿ ಕೊಡಿಸಬೇಕಾಯಿತು. ಗಂಡ ಬೆಳಿಗ್ಗೆ ಮಂಗಳೂರಿನ ರೈಲು ಹಿಡಿದರೆ ಕತ್ತಲಾದ ಮೇಲೆ ಬರುವವರು. ಹಾಗಾಗಿ ಸೀನಿನ ಉಸ್ತುವಾರಿ ನನಗೆ, ಅತ್ತೆಗೆ, ಮಾವನಿಗೆ.

ಮಗಳು ನಾಲ್ಕು ಗಂಟೆಗೆ ಶಾಲೆಯಿಂದ ಬಂದು, ಕಾಲು ತೊಳೆದು, ಹಾಲು ಕುಡಿದು ನೇರ ಅಜ್ಜನ ಕೋಣೆಗೆ ಹೋಗುತ್ತಾಳೆ. ಆ ಕೋಣೆಯನ್ನು ಹೇಗೆ ವರ್ಣಿಸಲಿ? ಮೂರು ಗೋಡೆಗೆ ಹಳೆಯ ಕೃಷಿ ಪತ್ರಿಕೆಗಳು, ನೂಲಿನಿಂದ ಕಟ್ಟಿದ ಫೈಲುಗಳು, ಮೂವತ್ತೊಂದು ವರ್ಷದ ಮಣ್ಣಿನ ವರದಿಗಳ ನಕಲು. ನಾಲ್ಕನೆಯ ಗೋಡೆಗೆ ಒಂದು ಮಂಚ, ಅದರ ಮೇಲೆ ಬೂರುಗದ ಹತ್ತಿಯ ಹಾಸಿಗೆ. ಆ ಹಾಸಿಗೆ ನನ್ನ ಗಂಡನಿಗಿಂತ ಹಿರಿಯದು. ಇಬ್ಬರೂ ಅದರ ಮೇಲೆ ಕಾಲು ಮಡಚಿ ಕೂತು ಆಡುವ ಆಟವೊಂದಿತ್ತು. ಅಜ್ಜ ಒಂದು ಹಳೆಯ ವರದಿ ಓದುವುದು, ಮೊಮ್ಮಗಳು ಗೊಬ್ಬರ ಸೂಚಿಸುವುದು.

"ಪೊಟ್ಯಾಶ್ ಕಡಿಮೆ ಉಂಟು. ಎಂತ ಹಾಕುವ ಕೂಸೇ?"

"ಚಾಕಲೇಟು ಎರಡು ಹಾಕಿ."

"ಒಂದು ಮರಕ್ಕಾ, ಒಂದು ಎಕ್ರೆಗಾ?"

"ನನಗೆ."

ಇದು ದೀಪ ಹಚ್ಚುವ ಹೊತ್ತಿನವರೆಗೂ ನಡೆಯುತ್ತಿತ್ತು. ಇಡೀ ದಿನದಲ್ಲಿ ಅವರಿಬ್ಬರೂ ಒಂದೇ ಜಾಗದಲ್ಲಿ ಸುಮ್ಮನೆ ಕೂರುತ್ತಿದ್ದುದು ಆ ಹೊತ್ತಿನಲ್ಲಿ ಮಾತ್ರ.

"ಅದಕ್ಕೆಲ್ಲ ಮಾವನ ಕೋಣೆಯ ಧೂಳೇ ಕಾರಣ ಇರಬೇಕು" ಎಂದು ಒಂದು ದಿನ ಊಟದ ಹೊತ್ತಿಗೆ ನಾನು ಹೇಳಿದೆನಂತೆ. 'ಅಂತೆ' ಎನ್ನುತ್ತೇನೆ, ಏಕೆಂದರೆ ನಾನು ಮನಸ್ಸಿನಲ್ಲೇ ಅಂದುಕೊಂಡದ್ದು ಎಂದು ನನ್ನ ನೆನಪು. ದಿನಚರಿಯಲ್ಲಿ ಆ ದಿನ 'ಹೀರೆಕಾಯಿ ಪಲ್ಯ' ಎಂದಷ್ಟೇ ಇದೆ. ಆದರೆ ಅತ್ತೆ, "ನೀನು ಹೇಳಿದ್ದು ಹೌದು, ಅವರ ಕೈಯ ತುತ್ತು ಅರ್ಧದಲ್ಲಿ ನಿಂತದ್ದೂ ಹೌದು" ಎನ್ನುತ್ತಾರೆ. ಅತ್ತೆಯ ನೆನಪಿಗೆ ಹೀರೆಕಾಯಿ ಅಡ್ಡ ಬರುವುದಿಲ್ಲ.

ಮರುದಿನದಿಂದ ಮಾವ ಪತ್ತೇದಾರರಾದರು. ಒಂದು ಹಳೆಯ ರಿಜಿಸ್ಟರಿನಲ್ಲಿ ಗೆರೆ ಎಳೆದು ಸೀನಿನ ಸಮಯ, ಸಂಖ್ಯೆ, ಜಾಗ, ಗುಮಾನಿ ಎಂದು ಬರೆಯತೊಡಗಿದರು. ಮೊದಲ ಗುಮಾನಿ ಪಕ್ಕದ ಮನೆಯ ಬೆಕ್ಕಿನ ಮೇಲೆ. ಅದು ನಮ್ಮ ಜಗಲಿಯಲ್ಲಿ ಮಲಗುತ್ತಿತ್ತು. ನಂತರ ಅತ್ತೆಯ ಊದುಬತ್ತಿ. ನಂತರ ಹಿಂದಿನ ಹಿತ್ತಲಿನ ಗೇರುಮರದ ಹೂವು, ಶಾಲೆಯ ಚಾಕ್‌ಪೀಸು, ನನ್ನ ಮುಖದ ಪೌಡರು. ಒಂದು ವಾರ ನಾನು ಕಾಲೇಜಿಗೆ ಬೋಳು ಮುಖದಲ್ಲಿ ಪಾಠ ಮಾಡಲು ಹೋದೆ. ಸೀನು ಹಾಗೇ ಇತ್ತು. ರಿಜಿಸ್ಟರಿನಲ್ಲಿ ನನ್ನ ಪೌಡರಿನ ಎದುರು 'ಸದ್ಯಕ್ಕೆ ಬಿಡುಗಡೆ' ಎಂದು ಬರೆದರು.

"ಮೂಗು ಮಗುವಿನದ್ದು, ಮೂಗು ತೂರಿಸುದು ನಿಮ್ಮದು" ಎಂದರು ಅತ್ತೆ. "ಡಾಕ್ಟ್ರ ಹತ್ರ ಹೋಗಿ ಮಾರಾಯ್ರೆ."

ಕಾಸರಗೋಡಿನ ಮಕ್ಕಳ ಡಾಕ್ಟರು ನಿಧಾನದ ಮನುಷ್ಯ. ಎದೆಗೆ ಸ್ಟೆತೊಸ್ಕೋಪು ಇಟ್ಟು ನೋಡಿ, ಮೂಗಿನ ಗೆರೆ ನೋಡಿ, "ನೀನು ದಿನದಲ್ಲಿ ಹೆಚ್ಚು ಹೊತ್ತು ಎಲ್ಲಿರ್ತಿ?" ಎಂದು ನೇರವಾಗಿ ಮಗಳನ್ನೇ ಕೇಳಿದರು.

"ಅಜ್ಜನ ಕೋಣೆಯಲ್ಲಿ."

"ಅಲ್ಲಿ ಏನೇನು ಉಂಟು?"

ಮಗಳು ಬೆರಳು ಮಡಚುತ್ತಾ ಖುಷಿಯಿಂದ ಹೇಳಿದಳು. "ಫೈಲು ಉಂಟು. ಹಾಸಿಗೆ ಉಂಟು. ಕಪಾಟಿನ ಹಿಂದೆ ಒಂದು ಸತ್ತ ಜಿರಳೆ ಉಂಟು. ಮತ್ತೆ ಅಜ್ಜ ಉಂಟು."

ಮಾವ ಗೋಡೆಯ ಮೇಲಿದ್ದ ಲಸಿಕೆಯ ಚಾರ್ಟನ್ನು ಓದತೊಡಗಿದರು.

ಗಾಳಿಯಲ್ಲಿ ಬರುವ ಯಾವುದಕ್ಕೋ ಅಲರ್ಜಿ ಇರಬಹುದು ಎಂದರು ಡಾಕ್ಟರು. ಧೂಳೋ, ಬೂಷ್ಟೋ, ಬೆಕ್ಕಿನ ರೋಮವೋ, ಹೂವಿನ ಪರಾಗವೋ, ಹೊರಗಿನಿಂದ ನೋಡಿದರೆ ಎಲ್ಲದಕ್ಕೂ ಸೀನು ಒಂದೇ. "ಊಹೆಯಲ್ಲಿ ಮನೆ ಖಾಲಿ ಮಾಡುದು ಬೇಡ. ರಕ್ತ ಪರೀಕ್ಷೆ ಮಾಡುವ. ಯಾವ ವಸ್ತುವಿನ ವಿರುದ್ಧ ಅವಳ ಮೈ ತಯಾರಾಗಿ ಕೂತಿದೆ ಅಂತ ರಕ್ತದಲ್ಲಿ ಗೊತ್ತಾಗ್ತದೆ. ವರದಿ ಬರ್ಲಿ. ಆ ಕೋಣೆಯಲ್ಲಿ ಅವಳು ಕೂರುದು ನಿಲ್ಲಿಸ್ಬೇಕಾ ಅಂತ ಮತ್ತೆ ನೋಡುವ."

ವಾಪಸು ಬರುವಾಗ ಆಟೋದಲ್ಲಿ ಮಾವ ಪರೀಕ್ಷೆಯ ಚೀಟಿಯನ್ನು ಮಡಚುತ್ತಾ ಬಿಚ್ಚುತ್ತಾ ಕೂತರು, ಹೊರಗೆ ನೋಡಲೇ ಇಲ್ಲ. ಪ್ರತಿ ತಿರುವಿನಲ್ಲೂ ಆ ಮಣ್ಣು ಯಾವ ಜಾತಿಯದ್ದೆಂದು ಹೇಳುವ ಮನುಷ್ಯ!

ಪರೀಕ್ಷೆಯ ದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ಚಾವಡಿಯಲ್ಲಿ ಹಳೆಯ ಪೇಪರು ಹಾಸಿ ಮಾವ ಕೂತಿದ್ದಾರೆ. ಪೇಪರಿನ ಮೇಲೆ ಧೂಳಿನದೊಂದು ಗುಡ್ಡೆ. ಸ್ಟೀಲ್ ಸ್ಕೇಲಿನಿಂದ ಅದನ್ನು ನಾಲ್ಕು ಪಾಲು ಮಾಡುತ್ತಾರೆ. ಎದುರುಬದಿರಾದ ಎರಡು ಪಾಲು ಬಿಸಾಡುತ್ತಾರೆ. ಉಳಿದದ್ದನ್ನು ಕಲಸಿ ಮತ್ತೆ ನಾಲ್ಕು ಪಾಲು. ತೋಟದ ಮಣ್ಣಿನ ಮಾದರಿ ತೆಗೆಯುವ ಕ್ರಮ ಹೀಗೆಯೇ. ಹತ್ತು ಕಡೆಯಿಂದ ಮಣ್ಣು ತೆಗೆದು, ಕಲಸಿ, ಪಾಲು ಮಾಡುತ್ತಾ ಹೋಗಿ, ಕೊನೆಗೆ ಉಳಿದ ಹಿಡಿ ಮಣ್ಣಿನಲ್ಲಿ ಇಡೀ ತೋಟ ಇರುತ್ತದೆ.

"ಮಾವ, ಪರೀಕ್ಷೆ ರಕ್ತದ್ದು."

"ಗೊತ್ತುಂಟು. ಆದರೆ ರಕ್ತ ಯಾವುದರ ಮೇಲೆ ಸಿಟ್ಟು ಮಾಡ್ತದೆ ಅಂತ ನೋಡ್ಲಿಕ್ಕೆ ಅವರಿಗೆ ಆ ವಸ್ತು ಬೇಡ್ವಾ? ಎದುರಾಳಿ ಇಲ್ಲದೆ ಜಗಳ ಹೇಗೆ ಆಗ್ತದೆ?"

ಎಂ.ಎ. ಓದಿದವಳು ನಾನು, ಆ ಕ್ಷಣದಲ್ಲಿ ಅವರ ಮಾತೇ ಸರಿಯೆನ್ನಿಸಿತು.

ಎಂಟು ಸಣ್ಣ ಬಟ್ಟೆಯ ಚೀಲಗಳು. ನೆರಳಿನಲ್ಲಿ ಒಣಗಿಸಿದ ಧೂಳು. ಪ್ರತಿಯೊಂದಕ್ಕೂ ಚೀಟಿ: ಚಾವಡಿ, ಅಡಿಗೆಮನೆ, ದೇವರ ಕೋಣೆ, ಊಟದ ಕೋಣೆ, ಮಗನ ಕೋಣೆ, ಮೆಟ್ಟಿಲ ಕೆಳಗೆ, ಹಿಂದಿನ ಜಗಲಿ, ಕಾರು ಶೆಡ್ಡು. ದಿನಚರಿಯಲ್ಲಿ ನಾನು 'ಎಂಟು ಚೀಲ' ಎಂದು ಬರೆದಿದ್ದೇನೆ. ಅವರ ಸ್ವಂತ ಕೋಣೆಯ ಚೀಲ ಇರಲಿಲ್ಲ ಎಂದು ಬರೆದಿಲ್ಲ. ಆಗಲೇ ಗಮನಿಸಿದ್ದೆನೋ, ಈಗ ಬರೆಯುತ್ತಾ ಗಮನಿಸುತ್ತಿದ್ದೇನೋ ಹೇಳಲಾರೆ.

ರಕ್ತ ಪರೀಕ್ಷೆ ಎಂದರೆ ಖಾಲಿ ಹೊಟ್ಟೆಯಲ್ಲೇ ಆಗಬೇಕೆಂದು ಮಾವ ಮಗಳಿಗೆ ನೀರು ಕೂಡ ಕೊಟ್ಟಿರಲಿಲ್ಲ. ಜತೆಗೆ ತಾವೂ ಉಪವಾಸ. ಲ್ಯಾಬಿನ ಹುಡುಗಿ ಮಂಜೇಶ್ವರದ ಕಡೆಯವಳು, ಮಾತು ಚುರುಕು.

"ಖಾಲಿ ಹೊಟ್ಟೆ ಬೇಕೂಂತ ಇದಕ್ಕಿಲ್ಲ ಅಜ್ಜ. ತಿಂಡಿ ತಿಂದೇ ಬರ್ಬಹುದಿತ್ತು."

"ನಾನು ಎರಡು ದೋಸೆ ತಿಂದೇ ಬಂದದ್ದು" ಎಂದಳು ಮಗಳು. "ಅಜ್ಜಿ ಹಿಂದಿನ ಬಾಗಿಲಲ್ಲಿ ಕೊಟ್ರು."

ಮಾವ ಅದನ್ನು ಅರಗಿಸಿಕೊಳ್ಳುವಷ್ಟರಲ್ಲಿ ಹುಡುಗಿ ಮಗಳ ತೋಳಿಗೆ ರಬ್ಬರು ಪಟ್ಟಿ ಕಟ್ಟಿದ್ದಳು.

"ಎಷ್ಟು ಕಡೆಯಿಂದ ತೆಗೀತಿ ನೀನು?" ಎಂದರು ಮಾವ.

"ಒಂದೇ ಕಡೆ ಅಜ್ಜ. ಎಂತ ಕೇಳಿದ್ದು?"

"ಒಂದೇ ಕಡೆಯ ಸ್ಯಾಂಪಲಿನಿಂದ ಸರಿಯಾದ ಚಿತ್ರ ಸಿಕ್ಕುದಿಲ್ಲ. ಎರಡು ಕೈ, ಎರಡು ಕಾಲು, ಹೀಗೆ ಸ್ವಲ್ಪ ಸ್ವಲ್ಪ..."

"ಅಜ್ಜಾ!" ಎಂದು ಮಗಳು ಕಿರುಚಿದಳು.

ಹುಡುಗಿ ನಗು ತಡೆದುಕೊಂಡು, "ರಕ್ತ ಮೈಯೆಲ್ಲ ಸುತ್ತುತ್ತಾ ಇರ್ತದಲ್ಲ, ಅದು ಕಲಸಿಯೇ ಉಂಟು" ಎಂದಳು.

ಮಾವ ಒಂದು ಕ್ಷಣ ಯೋಚಿಸಿದರು. ಮುಖ ಅರಳಿತು. "ಅದು ಸರಿ. ಒಳ್ಳೆ ಏರ್ಪಾಡು" ಎಂದರು. ಸೃಷ್ಟಿಕರ್ತನ ಕೆಲಸವನ್ನು ಅವರು ಮೆಚ್ಚಿದ್ದು ನಾನು ಕಂಡಂತೆ ಅದೊಂದೇ ಸಲ.

ಸೂಜಿ ಚುಚ್ಚುವಾಗ ಮಗಳು ಅಳಲಿಲ್ಲ. ಮಾವ ಹೊರಗೆ ಹೋಗಿ ನಿಂತರು. ಸಣ್ಣದೊಂದು ಕೊಳವೆ ತುಂಬಿದ ಮೇಲೆ ಒಳಗೆ ಬಂದು ಎಂಟು ಚೀಲಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಹುಡುಗಿ ಚೀಟಿ ಓದಿದಳು. ನನ್ನನ್ನು ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ.

"ಇದೆಲ್ಲ ಬೇಡ ಅಜ್ಜ. ರಕ್ತವನ್ನು ಮಂಗಳೂರಿಗೆ ಕಳಿಸ್ತೇವೆ. ಅಲ್ಲಿ ಧೂಳಿನದ್ದು, ಬೆಕ್ಕಿನದ್ದು, ಪರಾಗದ್ದು ಎಲ್ಲ ಮೊದಲೇ ತಯಾರು ಇರ್ತದೆ. ಒಂದೊಂದಕ್ಕೂ ರಕ್ತ ಸೇರಿಸಿ ನೋಡುದು."

"ಅವರ ಹತ್ರ ಇರುದು ಯಾವ ಊರಿನ ಬೆಕ್ಕು?"

"ಬೆಕ್ಕು... ಎಲ್ಲ ಬೆಕ್ಕೂ ಒಂದೇ ಅಲ್ವಾ ಅಜ್ಜ?"

"ಮಣ್ಣು ಒಂದೇ ಅಲ್ಲ, ಬೆಕ್ಕು ಹೇಗೆ ಒಂದೇ ಆಗ್ತದೆ?"

ಸಾಲಿನಲ್ಲಿ ನಿಂತಿದ್ದವರು ಕೆಮ್ಮತೊಡಗಿದರು. ನಾನು ಚೀಲಗಳನ್ನು ಬಾಚಿ ಬ್ಯಾಗಿಗೆ ತುಂಬಿದೆ. ನಾವು ಬಾಗಿಲು ದಾಟಿದ ಮೇಲೆ ಮಾವ ಒಬ್ಬರೇ ಹಿಂದೆ ಹೋದರು. ತಗ್ಗಿದ ದನಿಯಲ್ಲಿ ಕೇಳಿದ್ದು ನನ್ನ ಕಿವಿಗೂ ಬಿತ್ತು. "ಹಳೇ ಕಾಗದದ ಧೂಳು ಅಂತ ನಿಮ್ಮ ಪಟ್ಟಿಯಲ್ಲಿ ಉಂಟಾ?"

"ಕಾಗದ ಅಂತ ಬೇರೆ ಇಲ್ಲ ಅಜ್ಜ. ಬೂಷ್ಟು ಉಂಟು."

ಅವರು ಹೊರಗೆ ಬಂದಾಗ ನಾನು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದೆ. ಸರಿಯಾಗಿಯೇ ಇದ್ದ ಪಟ್ಟಿ.

ವರದಿಗೆ ಒಂದು ವಾರ ಬೇಕು ಎಂದಿದ್ದರು. ಆ ವಾರವೆಲ್ಲ ಮಾವ ಒಂದು ಕಡೆ ಕೂರಲಿಲ್ಲ. ಬೆಳಿಗ್ಗೆ ಎರಡು ಸಲ, ಮಧ್ಯಾಹ್ನ ಒಂದು ಸಲ ಲ್ಯಾಬಿಗೆ ಫೋನು. ಮೂರನೆಯ ದಿನದಿಂದ ಲ್ಯಾಬಿನ ಹುಡುಗಿ ಇವರು ಹಲೋ ಎನ್ನುವ ಮೊದಲೇ "ಇಲ್ಲ ಅಜ್ಜ" ಎನ್ನುತ್ತಿದ್ದಳಂತೆ. ಫೈಲುಗಳನ್ನು ಈ ಗೋಡೆಯಿಂದ ಆ ಗೋಡೆಗೆ ಸಾಗಿಸಿದರು. ಮರುದಿನ ಆ ಗೋಡೆಯಿಂದ ಈ ಗೋಡೆಗೆ. ಸಂಜೆ ಮಗಳು ಕೋಣೆಗೆ ಹೋದರೆ ವರದಿ ಓದುವ ಆಟ ಅರ್ಧಕ್ಕೇ ನಿಲ್ಲುತ್ತಿತ್ತು. ಅವಳು ಉಸಿರು ಎಳೆದುಕೊಂಡಾಗಲೆಲ್ಲ ಅವರು ಕಾಗದ ಕೆಳಗಿಟ್ಟು ಕಾಯುತ್ತಿದ್ದರು, ಸೀನು ಬರುತ್ತದೋ ಇಲ್ಲವೋ ಎಂದು. ನಾನೂ ಅಡಿಗೆಮನೆಯಿಂದ ಕಾಯುತ್ತಿದ್ದೆ. ಯಾವುದಕ್ಕೆ ಕಾಯುತ್ತಿದ್ದೆ? ಕೋಣೆಯೇ ಕಾರಣವೆಂದು ಬರಲಿ, ನಾನು ಹೇಳಿದ್ದು ನಿಜವಾಗಲಿ ಎಂದೇ? ಅಲ್ಲ ಎಂದು ಬರೆಯಲು ಆಸೆ. ದಿನಚರಿಯ ಆ ವಾರದ ಪುಟಗಳು ಖಾಲಿ.

ವರದಿ ಫೋನಿಗೆ ಬಂತು. ಮಾವ ಅದನ್ನು ಕಾಗದದಲ್ಲಿ ತೆಗೆಸಿಕೊಂಡು ಬಂದು, ಕನ್ನಡಕ ಏರಿಸಿ, ಮಣ್ಣಿನ ವರದಿ ಓದುವ ದನಿಯಲ್ಲೇ ಓದಿದರು.

"ಬೆಕ್ಕು, ಸೊನ್ನೆ. ನಾಯಿ, ಸೊನ್ನೆ. ಬೂಷ್ಟು, ಸೊನ್ನೆ." ಇಲ್ಲಿ ಉಸಿರು ಬಿಟ್ಟರು. "ಹುಲ್ಲಿನ ಪರಾಗ, ಸೊನ್ನೆ. ಜಿರಳೆ, ಸ್ವಲ್ಪ."

"ಸೊನ್ನೆ ಅಂದರೆ ಕೊರತೆ ಅಲ್ವಾ ಅಜ್ಜ?" ಎಂದಳು ಅವರ ಶಿಷ್ಯೆ. "ಕೊರತೆ ಇದ್ರೆ ಹಾಕ್ಬೇಕಲ್ವಾ? ಒಂದು ಬೆಕ್ಕು ತರುವ."

ಆ ಸಂಜೆ ಪಕ್ಕದ ಮನೆಯ ಬೆಕ್ಕಿಗೆ ಮಾವ ಸ್ವತಃ ಹಾಲು ಹಾಕಿದರು. ಅದು ಮೊದಲು ನಂಬಲಿಲ್ಲ; ಮೂಸಿ ನೋಡಿ, ಮೂರು ಕಡೆಯಿಂದ ನೆಕ್ಕಿ, ಆಮೇಲೆ ಕುಡಿಯಿತು.

ಆದರೆ ವರದಿಯಲ್ಲಿ ಕೊನೆಯದೊಂದು ಸಾಲಿತ್ತು. ಮನೆಯ ಧೂಳಿನಲ್ಲಿರುವ ನುಸಿ: ಬಹಳ ಹೆಚ್ಚು.

ನುಸಿ ಎಂದದ್ದೇ ತಡ, ಮಾವ ಎದ್ದು ನಿಂತರು. ತೆಂಗಿನಕಾಯಿಗೆ ಬರುವ ನುಸಿಯೊಂದಿಗೆ ವರ್ಷಗಟ್ಟಲೆ ಹೋರಾಡಿದವರು ಅವರು. "ಬೇವಿನೆಣ್ಣೆ, ಬೆಳ್ಳುಳ್ಳಿ, ಸಾಬೂನು ಕಲಸಿ ಹಾಸಿಗೆಗೆ ಒಂದು ಸ್ಪ್ರೇ ಹೊಡೆದರೆ ಮುಗೀತು."

"ಸಾಸಿವೆಯನ್ನೂ ಸಿಡಿಸಿ ಹಾಕಿ" ಎಂದರು ಅತ್ತೆ. "ಹಾಸಿಗೆಯನ್ನೇ ಊಟಕ್ಕೆ ಬಡಿಸ್ಬಹುದು."

ವರದಿ ಹಿಡಿದು ಮತ್ತೆ ಹೋದಾಗ ಡಾಕ್ಟರು ಎಲ್ಲವನ್ನೂ ಸಮಾಧಾನದಿಂದ ವಿವರಿಸಿದರು. ವರದಿಯೊಂದರಿಂದಲೇ ತೀರ್ಮಾನ ಮಾಡುವುದಲ್ಲ, ಆದರೆ ಬೆಳಗಿನ ಸೀನಿಗೂ ಇದಕ್ಕೂ ತಾಳೆಯಾಗುತ್ತದೆ. ಈ ನುಸಿ ಕಣ್ಣಿಗೆ ಕಾಣುವುದಿಲ್ಲ. ಹಾಸಿಗೆ, ದಿಂಬುಗಳಲ್ಲಿ ಇರುತ್ತದೆ, ಎಲ್ಲರ ಮನೆಯಲ್ಲೂ ಇರುತ್ತದೆ. ಹಾಸಿಗೆ ದಿಂಬುಗಳಿಗೆ ಒತ್ತಾದ ಕವರು ಹಾಕಿ, ಚಾದರವನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ, ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮೂಗಿಗೆ ಈ ಔಷಧಿ. ಅಜ್ಜನ ಕೋಣೆಯಿಂದ ಹಳೆಯ ಹಾಸಿಗೆ, ಕಾಗದ ತೆಗೆದು ಸ್ವಚ್ಛ ಮಾಡಿದರೆ ಅವಳು ಧಾರಾಳ ಕೂರಬಹುದು.

ನನಗೆ ಹಗುರಾಯಿತು. ಮಾವ ಮಾತ್ರ ಒಂದು ಪ್ರಶ್ನೆ ಕೇಳಿದರು. "ಆ ನುಸಿ ತಿನ್ನುದು ಎಂತದನ್ನು?"

"ನಮ್ಮ ಚರ್ಮದಿಂದ ಹೊಟ್ಟು ಉದುರ್ತದಲ್ಲ, ಅದನ್ನು."

"ವಯಸ್ಸಾದವರದ್ದು ಹೆಚ್ಚು ಉದುರ್ತದಾ?"

ಡಾಕ್ಟರು ಔಷಧಿಯ ಚೀಟಿ ಬರೆಯುತ್ತಿದ್ದರು. "ಚರ್ಮ ಸ್ವಲ್ಪ ಒಣಗಿರ್ತದೆ, ಹೌದು" ಎಂದರು ತಲೆಯೆತ್ತದೆ.

ಮರುದಿನ ಮಾವ ಕೋಣೆ ಖಾಲಿ ಮಾಡಿದರು. ಫೈಲುಗಳು ಕಾರು ಶೆಡ್ಡಿಗೆ ಹೋದವು. ಬೂರುಗದ ಹಾಸಿಗೆ ಮನೆಯಿಂದಲೇ ಹೋಯಿತು. ನೆಲವನ್ನು ಮೂರು ಸಲ ಒರೆಸಿದರು. ಸಂಜೆ ಮಗಳು ಓಡಿ ಬಂದಾಗ ಕೋಣೆಯಲ್ಲಿ ಮಾತಾಡಿದರೆ ಪ್ರತಿಧ್ವನಿ ಬರುತ್ತಿತ್ತು. ಆದರೆ ಅಜ್ಜ ಅಲ್ಲಿರಲಿಲ್ಲ. ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತಿದ್ದರು. "ನೀನು ಜಗಲಿಯಲ್ಲಿ ಕೂರು ಕೂಸೇ, ನಾನು ಇಲ್ಲಿಂದಲೇ ಓದ್ತೇನೆ" ಎಂದರು. ದಣಿದಿರಬೇಕು ಎಂದುಕೊಂಡೆ. ಎರಡನೆಯ ದಿನವೂ ಹಾಗೆಯೇ. ಮೈಗೆಲ್ಲ ತೆಂಗಿನೆಣ್ಣೆ ಬೇರೆ ಹಚ್ಚಿಕೊಂಡಿದ್ದರು. ದಿನಕ್ಕೆರಡು ಸಲ ಸ್ನಾನ. "ಈ ಪ್ರಾಯದಲ್ಲಿ ಮದುಮಗನಾಗುವ ಅಂದಾಜು ಉಂಟಾ?" ಎಂದರು ಅತ್ತೆ. ಮಾವ ನಗಲಿಲ್ಲ.

ಮೂರನೆಯ ದಿನ ಚಹಾ ಕೊಡಲು ಹೋದಾಗ ಅವರು ಕೈಯೆತ್ತಿ ಒಂದು ನೂಲನ್ನು ಗಾಳಿಯಲ್ಲಿ ಹಿಡಿದಿದ್ದರು. ನೂಲು ವಾಲಿದ ಕಡೆ ನೋಡಿ, ಕುರ್ಚಿ ಎತ್ತಿಕೊಂಡು ಅಂಗಳದ ಇನ್ನೊಂದು ಮೂಲೆಗೆ ಹೋದರು.

"ಎಂತ ಮಾಡ್ತಿದ್ದೀರಿ ಮಾವ?"

"ತೋಟಕ್ಕೆ ಸ್ಪ್ರೇ ಹೊಡೆಯುವಾಗ ಗಾಳಿ ನೋಡಿ ನಿಲ್ಲುದಿಲ್ವಾ? ಹಾಗೆ. ಗಾಳಿ ಅವಳ ಕಡೆಯಿಂದ ನನ್ನ ಕಡೆಗೆ ಬರ್ಬೇಕು. ನನ್ನಿಂದ ಅವಳಿಗೆ ಹೋಗ್ಬಾರ್ದು."

"ಎಂತದು ಹೋಗ್ಬಾರ್ದು?"

"ನೀನೂ ಕೇಳಿದ್ದಿಯಲ್ಲ, ಡಾಕ್ಟ್ರು ಹೇಳಿದ್ದು. ಫೈಲು ತೆಗೆದೆ, ಹಾಸಿಗೆ ತೆಗೆದೆ." ಎಣ್ಣೆಯಿಂದ ಹೊಳೆಯುತ್ತಿದ್ದ ಮುಂಗೈಯನ್ನು ಮುಂದೆ ಚಾಚಿದರು. "ಇದನ್ನು ಎಲ್ಲಿ ಹಾಕುದು?"

ನಾನು ಏನು ಹೇಳಿದೆ? ಎಲ್ಲರ ಚರ್ಮವೂ ಉದುರುತ್ತದೆ, ನುಸಿ ಇರುವುದು ಹಾಸಿಗೆಯಲ್ಲಿ, ಮನುಷ್ಯನ ಮೇಲಲ್ಲ, ನೀವು ಅವಳ ಪಕ್ಕದಲ್ಲಿ ಕೂತರೆ ಏನೂ ಆಗುವುದಿಲ್ಲ ಎಂದೆಲ್ಲ ಹೇಳಿದೆ ಎಂದು ನೆನಪು. ಕ್ಷಮಿಸಿ ಎಂದೂ ಹೇಳಿದ್ದರೆ ಚೆನ್ನಾಗಿತ್ತು. ಅದು ಹೇಳಿದ ನೆನಪಿಲ್ಲ. ಅವರು ಕೇಳಿಸಿಕೊಂಡರೋ ಇಲ್ಲವೋ. ಮತ್ತೆ ನೂಲು ಎತ್ತಿ ಹಿಡಿದು ಜಗಲಿಯ ಕಡೆಗೆ ನೋಡುತ್ತಿದ್ದರು.

ಮಗಳು ಜಗಲಿಯಿಂದ ಎದ್ದು ನಿಂತಳು. ಅಜ್ಜನ ಹಾಗೆಯೇ ಒಂದು ಬೆರಳು ಮೇಲೆತ್ತಿ ಸ್ವಲ್ಪ ಹೊತ್ತು ಹಿಡಿದಳು.

"ಗಾಳಿ ನಿಂತಿತು ಅಜ್ಜ" ಎಂದಳು. "ಈಗ ಬನ್ನಿ."

ಗಾಳಿ ನಿಂತಿರಲಿಲ್ಲ. ನೂಲು ನೇರ ಅವಳ ಕಡೆಗೇ ವಾಲಿತ್ತು. ಮಾವ ಅದನ್ನು ಒಂದು ಕ್ಷಣ ನೋಡಿದರು. ನಂತರ ಬೆರಳಿಗೆ ಸುತ್ತಿ ಜೇಬಿನಲ್ಲಿಟ್ಟುಕೊಂಡು, ಕುರ್ಚಿಯನ್ನು ಅಲ್ಲೇ ಬಿಟ್ಟು, ಜಗಲಿಯ ಮೆಟ್ಟಿಲು ಹತ್ತಿದರು.